ನಾಲ್ಕನೇ ರೀಲು

ಶುಕ್ರವಾರದ ಮ್ಯಾಟ್ನಿಗೆ ಎಪ್ಪತ್ತೆರಡು ತಲೆ.
ಮದ್ದೂರಿನ ಬಿಸಿಲು ಸೀಟಿನಡಿಗೂ ನುಗ್ಗಿತ್ತು.
ಗೋಡೆಯ ತೂತಿನಿಂದ ನೋಡುತ್ತಿದ್ದೆ ನಾನು,
ಆಪರೇಟರ್ ಕರಿಸಿದ್ದ,
ಕಾರ್ಬನ್ ಕಡ್ಡಿ ಉರಿಸಿ ಭೂತ ಬಿಡುವ ಕೆಲಸದವನು.

ಮೊದಲ ರೀಲಲ್ಲಿ ಮಾಟಗಾತಿ ಆಲೆಮನೆಗೆ ಬಂದು
ತನ್ನ ನೆರಳನ್ನು ಒದ್ದೆ ಸೀರೆಯಂತೆ ಹಿಂಡಿ
ಕೊಪ್ಪರಿಗೆಗೆ ಹಾಕಿದಳು.
ನೊರೆ ಬಂತು. ಪಾಕ ಬಂತು.
ಅಚ್ಚಿನಿಂದ ಕರೀ ಬೆಲ್ಲ ಕಳಚಿತು.
ತಿಂದವರಿಗೆಲ್ಲ ಹೆತ್ತವ್ವನ ಹೆಸರು ಮರೆತುಹೋಯಿತು.
"ಏನ್ಲಾ ಇದು, ತಲೆ ಐತಾ ಬುಡ ಐತಾ?"
ಗಾಂಧಿಕ್ಲಾಸಿನಿಂದ ಒಂದು ಶಿಳ್ಳೆ.

ಎರಡನೆಯದರಲ್ಲಿ ನಾಲೆ ಹಿಂದಕ್ಕೆ ಹರಿಯಿತು.
ಅದರ ಮೇಲೊಂದು ಬಾಗಿಲು, ಬರೀ ಬಾಗಿಲು, ತೇಲಿ ಬಂದು
ತಾನೇ ಚಿಲಕ ಹಾಕಿಕೊಂಡಿತು.
ರೀಲು ತಿರುಗಾಮುರುಗಾ ಹಾಕಿದ್ದೀಯ ಎಂದು
ಮ್ಯಾನೇಜರು ಮೆಟ್ಟಿಲು ಹತ್ತಿ ಬಂದು ಬೈದರು.

ನಾಲ್ಕನೆಯದು.
ಕೂಳೆ ಗದ್ದೆಯಲ್ಲಿ ಅವಳು ಬಾಯಿ ತೆರೆದಳು.
ಹಲ್ಲು ಒಂದೊಂದೇ ಉದುರಿ ಮಣ್ಣಿಗೆ ಬಿತ್ತು,
ಬಿದ್ದಲ್ಲೆಲ್ಲ ಬಿಳೀ ಕಬ್ಬು ಎದ್ದು
ಗೆಣ್ಣುಗೆಣ್ಣಿಗೂ ಬಾಯಿ ಬಿಟ್ಟು ನಕ್ಕಿತು.
ಜನ ಅದಕ್ಕಿಂತ ಜೋರಾಗಿ ನಕ್ಕರು.
ಪರದೆಗೆ ಕಡಲೆಕಾಯಿ ಸಿಪ್ಪೆ.
"ಕಾಸು ವಾಪಸ್ ಕೊಡ್ರಪ್ಪೋ!"
ಶನಿವಾರದ ಪೇಪರು ಒಂದೇ ಸಾಲು ಬರೆಯಿತು:
ಮಾಟವೂ ಇಲ್ಲ, ಆಟವೂ ಇಲ್ಲ.

ಹೆಂಗಸರ ಸಾಲಲ್ಲಿ, ಕಂಬದ ಮರೆಗೆ,
ಒಬ್ಬಾಕೆ ಮಾತ್ರ ಎಲ್ಲ ಆಟಕ್ಕೂ ಬಂದಳು.
ಹೊಂಬಾಳಮ್ಮ ಅಂತ. ಸದಾ ಬಾಯಿಗೆ ಸೆರಗು.
ಭಾನುವಾರ ರಾತ್ರಿ ಗೇಟು ಹಾಕುವಾಗ ಕೇಳಿದೆ,
ಅಷ್ಟು ಚೆನ್ನಾಗಿದೆಯೇನಮ್ಮ?

"ತಪ್ಪು ತೋರ್ಸವ್ರೆ ಕಣಪ್ಪ," ಅಂದಳು ಸೆರಗಿನೊಳಗಿಂದಲೇ.
"ಹಲ್ಲು ತಾನಾಗೇ ಉದುರಕಿಲ್ಲ.
ನಾಕು ಜನ ಹಿಡ್ಕಬೇಕು. ಕಲ್ಲು ಬೇಕು.
ಪಟೇಲ್ರ ಎಮ್ಮೆ ಸತ್ತಿದ್ದಕ್ಕೆ ನಂದು ಮುಂದಲವು ಆರು ಹೋದೊ.
ಕಬ್ಬಿನ ಸೀಮೇಲಿ ಹುಟ್ಟಿ
ಕಬ್ಬು ಸಿಗಿದು ಮೂವತ್ತು ವರ್ಸ ಆಯ್ತು.
ಆ ಬಿಳೀ ಕಬ್ಬು ಮಾತ್ರ ಚೆಂದಾಗೈತೆ.
ಇನ್ನೊಂದ್ ಸಲ ನೋಡನ ಅಂತ ಬತ್ತೀನಿ."

ಸೋಮವಾರ ಡಬ್ಬ ಕಟ್ಟಿ ಮೈಸೂರು ಬಸ್ಸಿನ ಟಾಪಿಗೆ ಹಾಕಿದೆ.
ಎರಡು ಚೌಕ ಫಿಲಂ ಕತ್ತರಿಸಿ ಉಳಿಸಿಕೊಂಡದ್ದು
ಯಾರಿಗೂ ಗೊತ್ತಿಲ್ಲ.
ಬೆಂಕಿಪೊಟ್ಟಣದಲ್ಲಿದೆ. ಬಲ್ಬಿಗೆ ಹಿಡಿದರೆ
ಕತ್ತಲೆ, ಗದ್ದೆ, ಹನ್ನೆರಡು ಬಿಳೀ ಜಲ್ಲೆ.

ನಿನ್ನೆ ಎಣಿಸಿದರೆ ಹನ್ನೊಂದೇ.
ಬುಡದಲ್ಲಿ ಹಸೀ ಗಾಯ.
ಯಾರೋ ಒಂದನ್ನು ಮುರಿದುಕೊಂಡು ಹೋಗಿದ್ದಾರೆ.