ಹಿಂದಿನ ಬೆಳಕು

ಗ್ದಿನಿಯಾ ಬಂದರಿನ ಬೀದಿ, ನವೆಂಬರ್.
ಹಡಗುಕಟ್ಟೆಯ ಮುದಿ ವೆಲ್ಡರ್ ಝೆನೋನ್
ಜೇಬಿಂದ ತೆಗೆದಿಟ್ಟ ಹೆಂಡತಿಯ ಫೋಟೋ,
ಸಮಾಧಿಕಲ್ಲಿಗೆ ಕೂರಿಸಿದ್ದರ ಪ್ರತಿ:
"ಪಕ್ಕಕ್ಕೇ ನನ್ನದೂ ಬರುತ್ತೆ. ಹಿಂದೆ ಇದೇ ಬೂದು ಇರಲಿ."

ಬೊಗುಮಿವಾಳ ಗೋಡೆಗಿದ್ದದ್ದು ಬಿಳಿ ಕಾಗದವೊಂದೇ.
ಮೀಟರು ಹಿಡಿದಳು: ಅವನ ಗಲ್ಲದಡಿ ಎಂಟು,
ಕಾಗದದ ಮೇಲೆ ಹನ್ನೊಂದು.
"ಹೀಗೇ ಬಿಟ್ಟರೆ ಕಿವಿಯಂಚಿಂದ ಕರಗಿಹೋಗ್ತೀರಿ."
ಹಿಂದಿನ ದೀಪ ಒಂದನ್ನು ಆರಿಸಿ,
ಸ್ಟೂಲು ಎರಡು ಹೆಜ್ಜೆ ಮುಂದೆಳೆದು,
ಮತ್ತೆ ಹಿಡಿದಳು. ನಾಲ್ಕು.
ಬಿಳಿಯೇ ಇದ್ದಲ್ಲೇ ಬೂದಾಯಿತು.

ನಲವತ್ತು ವರ್ಷ ಕಪ್ಪು ಗಾಜಿನೊಳಗಿಂದ ಕಿಡಿ ನೋಡಿದವನು
ತಿರುಗಿ ಕಣ್ಣು ಕಿರಿದಾಗಿಸಿದ:
"ಇನ್ನೂ ಚೂರು. ಅವಳದು ಇಷ್ಟು ಬೆಳಗಾಗಿರಲಿಲ್ಲ."

ಮೀಟರನ್ನು ಜೇಬಿಗಿಳಿಸಿ
ಅವನು ಸಾಕೆನ್ನುವವರೆಗೆ ತಗ್ಗಿಸಿದಳು.
ಟೈ ಓರೆಯಾಗಿತ್ತು.
ಅದನ್ನು ಸರಿಮಾಡಲು ಹೋದ ಅವಳ ಕೈಯನ್ನು
ಮೆಲ್ಲಗೆ ತಡೆದ.