ಎರಡನೇ ಚೌಕ

ಬುಧವಾರ ಸಂಜೆ ಆರಕ್ಕೆ, ಹಲ್ ಊರಿನ ಗ್ರಂಥಾಲಯದಲ್ಲಿ,
ಹೆಸರಿಗೆ ತಕ್ಕಂತೆ ಹಲ್ಲು ಕಟಕಟಿಸುವ ಗಾಳಿಯನ್ನು
ಬಾಗಿಲಾಚೆ ಬಿಟ್ಟು ಕೂರುತ್ತೇವೆ ಐದು ಮಂದಿ.
ಕಲಿಸುವವಳು ಬೆರಿಲ್. ಎಪ್ಪತ್ತೊಂದು ವರ್ಷ.
ಮೀನುಕಟ್ಟೆಯಲ್ಲಿ ಲೆಕ್ಕ ಬರೆದ ಕೈ;
ಕೀಲಿಮಣೆಯನ್ನೂ ಮುಳ್ಳು ಬಿಡಿಸುವವಳಂತೆ ಮುಟ್ಟುತ್ತಾಳೆ.

"ಬ್ಯಾಕ್‌ಎಂಡ್ ಅಂದರೆ ಹೋಟೆಲಿನ ಅಡುಗೆಮನೆ" ಅಂದಳು ಮೊದಲ ದಿನ.
ನಕ್ಕೆ. ವಯಸ್ಸಾದವರ ಆರೈಕೆಮನೆಯಲ್ಲಿ
ದಿನಕ್ಕೆ ಅರವತ್ತು ತಟ್ಟೆ ಬಡಿಸುವವಳು ನಾನು.
ಅಡುಗೆಮನೆ ಎಂದರೆ ಕೂಗಾಟ, ಬೈಗುಳ, ಸೀದ ವಾಸನೆ.
ಈ ಸರ್ವರ್ ಹಾಗಲ್ಲ.
ಮೂರು ಸಾವಿರ ಎಂಬ ಪೋರ್ಟಿನಲ್ಲಿ ಕಿವಿಯಿಟ್ಟು
ಕೂತೇ ಇರುತ್ತದೆ, ಯಾರೂ ಕರೆಯದಿದ್ದರೂ.
ಪೋರ್ಟ್ ಅಂದರೆ ಬಂದರು.
ಹಡಗು ಬಂದರೂ ಬಂದರು, ಬಾರದಿದ್ದರೂ ಬಂದರು.

ನಮಗೆ ಕೊಟ್ಟ ಕೆಲಸ: ಚರ್ಚಿನ ಹಿಂದಿನ ಕೋಣೆಯಲ್ಲಿ
ಚಳಿಗೆ ಕೋಟು ಕೊಡುತ್ತಾರಲ್ಲ, ಅದರ ಲೆಕ್ಕ.
ಒಂದು ಟೇಬಲ್ ಕೋಟುಗಳಿಗೆ, ಒಂದು ಜನರಿಗೆ,
ಯಾರ ಮೈಮೇಲೆ ಯಾವುದು ಎಂಬುದಕ್ಕೆ ಮೂರನೆಯದು.
ಕೋಟು ಹದಿನೇಳು: ಕಂದು, ಉಣ್ಣೆ, ಎಡತೋಳಿಗೆ ಗುಂಡಿ ಇಲ್ಲ.
ಹೆಸರು ಒಂದೇ ಇದ್ದೀತು, ಅಂಕಿ ಒಂದಾಗಬಾರದು.
"ಇಬ್ಬರು ಆರ್ಥರ್ ಬ್ಲೆಂಕಿನ್ ಇದ್ದರು ನಮ್ಮ ಕಟ್ಟೆಯಲ್ಲಿ,
ಒಬ್ಬನ ಸಂಬಳ ಇನ್ನೊಬ್ಬ ಕುಡಿದ" ಎಂದಳು ಬೆರಿಲ್.
ಪ್ರೈಮರಿ ಕೀ ಆವತ್ತೇ ನನ್ನ ತಲೆಗೆ ಹೋಯಿತು.

ಮೂರನೇ ವಾರ, 'ವೇರ್' ಬರೆಯಲು ಮರೆತು ಡಿಲೀಟ್ ಅಂದೆ.
ಒಂದು ಅರ್ಧವಿರಾಮ, ಒಂದು ಎಂಟರ್.
ನೂರಾ ಹನ್ನೆರಡು ಕೋಟು ಇಲ್ಲವಾದವು.
ಬಾಯಿಗೆ ಬಂದದ್ದು ಗದಗಿನ ಬೈಗುಳ;
ಬೆರಿಲ್‌ಗೆ ಅರ್ಥ ಹೇಳಬೇಕಾಗಲಿಲ್ಲ.
ಮಧ್ಯಾಹ್ನವೇ ಪ್ರತಿ ತೆಗೆದಿಟ್ಟಿದ್ದಳು ಪುಣ್ಯಾತ್ಗಿತ್ತಿ.
ಎಲ್ಲ ಮರಳಿ ಗೂಟಕ್ಕೆ ಬಂದವು,
ಹದಿನೇಳೂ ಬಂತು, ಗುಂಡಿ ಇಲ್ಲದೆಯೇ.

ಆಮೇಲೆ ನಲ್.
ಸೊನ್ನೆಯಲ್ಲ. ಖಾಲಿಯೂ ಅಲ್ಲ.
ಇದೆಯೋ ಇಲ್ಲವೋ ಎಂಬುದೇ ತಿಳಿಯದ್ದು.
ನಲ್‌ಗೆ ನಲ್ ಸಮವೇ ಎಂದು ಕೇಳಿದರೆ
ಹೌದೂ ಅನ್ನದು, ಅಲ್ಲವೂ ಅನ್ನದು,
ಮದುವೆ ಮಾತಿಗೆ ಕೂತ ನಮ್ಮ ದೊಡ್ಡತ್ತೆಯ ಹಾಗೆ.

ಜನರ ಟೇಬಲ್ ನನ್ನ ಪಾಲಿಗೆ ಬಂತು.
ಹೆಸರು: ಕಡ್ಡಾಯ. ಮನೆತನದ ಹೆಸರು: ಕಡ್ಡಾಯ.
ಬೆರಳು ನಿಂತಿತು.
ನನಗಿರುವುದೊಂದೇ ಹೆಸರು, ನೀಲವ್ವ.
ಎರಡನೇ ಚೌಕ ತುಂಬದೆ ಈ ದೇಶದ ಅರ್ಜಿಗಳು
ಮುಂದಕ್ಕೆ ಬಿಡಲಿಲ್ಲ; ಅದಕ್ಕೇ
ವೈದ್ಯರ ಚೀಟಿಯಲ್ಲಿ, ಕರೆಂಟ್ ಬಿಲ್ಲಿನಲ್ಲಿ, ಬಸ್ ಪಾಸಿನಲ್ಲಿ
ಹನ್ನೊಂದು ವರ್ಷದಿಂದ ನಾನು ನೀಲವ್ವ ನೀಲವ್ವ,
ಆಚೆ ಬದುವಿನಿಂದ ಯಾರೋ ಕೂಗಿದಂತೆ.
ಆ ಚೌಕವನ್ನೂ ಯಾರೋ ಹೀಗೇ ಒಂದು ಸಂಜೆ
ಚಹಾ ಕುಡಿಯುತ್ತ ಬರೆದಿರಬೇಕು.
ಕೆಟ್ಟವರೇನಲ್ಲ. ಎಲ್ಲರಿಗೂ ಎರಡಿರುತ್ತವೆ ಅಂದುಕೊಂಡವರು.

'ನಾಟ್ ನಲ್' ಅಳಿಸಿದೆ.
ಬೆರಿಲ್ ಹಿಂದೆ ನಿಂತು ನೋಡಿದಳು, ಏನೂ ಅನ್ನಲಿಲ್ಲ.
ಮೊದಲ ಚೌಕದ್ದನ್ನೂ ಅಳಿಸಿದೆ.

ಶನಿವಾರ ಒಬ್ಬ ಹುಡುಗ ಬಂದ, ತುಟಿ ನೀಲಿ.
ಹೆಸರು ಕೇಳಿದೆ. ನೆಲ ನೋಡಿದ.
ಇನ್ನೊಮ್ಮೆ ಕೇಳದೆ ಎಂಟರ್ ಒತ್ತಿದೆ.
ಕೆಂಪು ಅಕ್ಷರ ಬರಲಿಲ್ಲ, ಗದರಲಿಲ್ಲ ಯಂತ್ರ.
ವ್ಯಕ್ತಿ: ನಲವತ್ತಾರು. ಕೋಟು: ಹದಿನೇಳು.
ತೋಳು ತುಸು ಉದ್ದವಾಯಿತು.
ತಾಳು, ಗುಂಡಿ ಹಾಕಿಕೊಡುತ್ತೇನೆ ಅನ್ನುವಷ್ಟರಲ್ಲಿ
ಹೊರಟೇ ಹೋಗಿದ್ದ.