ಗಾಡಿ ಮಾರುವ ಹೊತ್ತು

ದುಡ್ಡು ಆಮೇಲೆ ಎಣಿಸೋಣ, ದೊಸ್ಸು.
ಮೊದಲು ಕೂತುಕೋ, ಆ ಎಣ್ಣೆಡಬ್ಬಿಯ ಮೇಲೆ.
ಹರ್ಮಟ್ಟನ್ ಬೀಸುತ್ತಿದೆ, ಬಾಯಿ ತೆರೆದರೆ
ಮರುಭೂಮಿಯೇ ಹಲ್ಲಿಗೆ ಸಿಗುತ್ತದೆ,
ಅದಕ್ಕೇ ಚುಟುಕಾಗಿ ಹೇಳಿಬಿಡುತ್ತೇನೆ.
(ಚುಟುಕು ನನಗೆ ಬಾರದು, ಇಡೀ ಕೊತೊನು ಬಲ್ಲದು.)

ಹನ್ನೊಂದು ವರ್ಷ ಈ ಗಾಡಿ ನನ್ನ ಹೊಟ್ಟೆ ಹೊರೆಯಿತು.
ಹಳದಿ ಅಂಗಿಯ ಗಂಡಸರ ಸಾಲಿನಲ್ಲಿ ನಾನೊಬ್ಬಳು.
ಡಾಂಟೊಕ್ಪಾ ಸಂತೆಯ ಹೆಂಗಸರು
'ಅಫಿಯಾವೀ' ಎಂದು ನನ್ನನ್ನೇ ಕೂಗುತ್ತಿದ್ದರು.
ಒಣಮೀನಿನ ಬುಟ್ಟಿ, ಹುವೆಫಾಳ ಟೊಮೇಟೊ,
ಒಮ್ಮೆ ನಡುರಾತ್ರಿ ಒಂದು ಹೆರಿಗೆನೋವು,
ಎಲ್ಲವನ್ನೂ ಈ ಹಿಂದಿನ ಸೀಟು ಹೊತ್ತಿದೆ.

ಚೈನು ಮುಟ್ಟಿ ನೋಡು.
ಇಂಜಿನ್ನು ಆರಿಸಿ ಮುಟ್ಟೋ, ಪೆದ್ದ!
ಬೆರಳನ್ನು ದೇವರು ಕೊಡುವುದು ಒಂದೇ ಸಲ.
ಕೆಳಗಿನಿಂದ ಎತ್ತು, ಎರಡು ಬೆರಳಗಲ ಕುಣಿಯಬೇಕು.
ಹೆಚ್ಚು ಕುಣಿದರೆ ಕುಡುಕ,
ಕುಣಿಯದೆ ಬಿಗಿದುಕೊಂಡರೆ ಸಾಲ ಕೊಟ್ಟವನು,
ಇಬ್ಬರೂ ನಡುದಾರಿಯಲ್ಲೇ ಕೈಕೊಡುತ್ತಾರೆ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಕೆತ್ತಿವೆ:
ಮೊದಲೆರಡು ವಾರ, ಕೊನೆಯೆರಡು ವರ್ಷ.
ಮಾರುವವಳು ಸುಳ್ಳು ಹೇಳಿಯಾಳು, ರಬ್ಬರಿಗೆ ಬಾರದು.
ಹಿಂದಿನದು ಹೊಸದು. ಮುಂದಿನದರ ಮೈಯೆಲ್ಲ ಬಿರುಕು,
ಮಳೆ ಹಿಡಿಯುವ ಮೊದಲೇ ಬದಲಿಸು.
ನನ್ನ ಬಾಯಿಂದಲೇ ಬಂತಲ್ಲ,
ಬೆಲೆಯಲ್ಲಿ ಅಷ್ಟು ಕಳೆ.

ಗಾಜಿನ ಬುರುಡೆಯ ಪೆಟ್ರೋಲು ಅಗ್ಗ, ಬಲ್ಲೆ,
ಗಡಿಯಾಚೆಯಿಂದ ಇರುಳಲ್ಲಿ ನುಸುಳಿ ಬಂದದ್ದು.
ಕೊಳ್ಳುವುದೇ ಆದರೆ ಅರಿವೆಯಲ್ಲಿ ಸೋಸು.
ಸಿಗರೇಟು ಸೇದುವವನ ಅಂಗಡಿಗೆ ಹೋಗಬೇಡ.
ಯಾಕೆ ಎನ್ನಬೇಡ. ಆ ಮೂಲೆಯ ಗೋಡೆ ನೋಡು,
ಮೂರು ಮಳೆಗಾಲ ತೊಳೆದರೂ ಕಪ್ಪು.

ಮುಂದಿನ ಬ್ರೇಕಿಗೆ ಹೆದರಿ
ಹೊಸಬರೆಲ್ಲ ಹಿಂದಿನದನ್ನೇ ತುಳಿಯುತ್ತಾರೆ.
ಡಾಂಬರಿನ ಮೇಲೆ ನಿನ್ನನ್ನು ನಿಲ್ಲಿಸುವುದು ಮುಂದಿನದೇ.
ಹಿಡಿಯಬೇಡ, ಹಿಂಡು,
ನಿಂಬೆಹಣ್ಣು ಹಿಂಡಿದ ಹಾಗೆ, ಬೀಜ ಬೀಳದ ಹಾಗೆ.
ಕೆಮ್ಮಣ್ಣಿನ ಹರಳಿಗೆ ಇಳಿದೆಯೋ,
ಈಗ ಹೇಳಿದ್ದನ್ನು ಮರೆತುಬಿಡು,
ಅಲ್ಲಿ ಹಿಂದಿನದು, ಅದೂ ಮೆಲ್ಲಗೆ.

ಗುಂಡಿ ಕಂಡರೆ ಗುಂಡಿಯನ್ನು ನೋಡಬೇಡ.
ಕಣ್ಣು ಹೋದತ್ತಲೇ ಗಾಲಿ.
ಪಕ್ಕದಲ್ಲಿ ಗೇಣಗಲ ಒಳ್ಳೆಯ ರಸ್ತೆ ಇರುತ್ತದೆ,
ಅದನ್ನು ನೋಡು.
(ಈ ಪಾಠ ನನಗೆ ಮದುವೆಗೆ ಮೊದಲೇ ಸಿಕ್ಕಿದ್ದರೆ!)

ಪೋರ್ಟೊ-ನೊವೊ ದಾರಿಯ ಲಾರಿಯವನ ಮುಖ
ಅವನ ಕನ್ನಡಿಯಲ್ಲಿ ನಿನಗೆ ಕಾಣದಿದ್ದರೆ
ಅವನ ಪಾಲಿಗೆ ನೀನಿಲ್ಲ.
ಇಲ್ಲದವನ ಹಾಗೆ ದೂರ ಇರು.

ಹೆಲ್ಮೆಟ್ಟು ಕೇಳಬೇಡ, ಕೊಡುವುದಿಲ್ಲ.
ಜಿಪುಣಿಯಲ್ಲ ನಾನು. ಒಳಗೆ ಬಾ, ನೋಡು,
ಜೋಳದ ಹಿಟ್ಟಿನ ಡ್ರಮ್ಮಿನಲ್ಲಿ ಅಳತೆಯ ಪಾತ್ರೆಯಾಗಿದೆ.
ಬೆಳಕಿಗೆ ಹಿಡಿ. ಎಡಗಡೆ, ಕೂದಲೆಳೆಯಷ್ಟು ಗೆರೆ.
ಒಂದು ಏಟಿಗೆಂದು ಹುಟ್ಟಿದ್ದು, ಒಂದು ಏಟು ತಿಂದಿದೆ.
ಬಣ್ಣ ಬಳಿದರೆ ಯಾರಿಗೂ ತಿಳಿಯದು,
ಹಾಗೆ ಮಾರುವವರು ಇದೇ ಬೀದಿಯಲ್ಲಿದ್ದಾರೆ.

ಎದ್ದು ಕೂತಾಗ ರಸ್ತೆಯ ತುಂಬ ಟೊಮೇಟೊ.
ಕೆಂಪು ಕಂಡು ಜನ ಕಿರುಚುತ್ತಿದ್ದರು.
ನಾನು, ನನಗೇನಾಗಿತ್ತೋ,
ಒಡೆಯದೆ ಉಳಿದ ಹಣ್ಣು ಎಷ್ಟೆಂದು ಎಣಿಸುತ್ತಿದ್ದೆ.
ಇಪ್ಪತ್ತಾರು.
ಆಮೇಲೆ ತಿರುಗಿ ನೋಡಿದೆ.

ಆಗ ನನ್ನ ಹತ್ತಿರ ಇದ್ದದ್ದು ಒಂದೇ ಹೆಲ್ಮೆಟ್ಟು.

ಈಗ ದುಡ್ಡು ತೆಗೆ.
ಮುಂದಿನ ಟೈರಿಗೆ ಇಷ್ಟು ಕಳೆ.
ಬೂಟಿಗೆ ಇಷ್ಟು, ಆ ಹರುಕು ಚಪ್ಪಲಿಯಲ್ಲಿ ಗೇರು ಬೀಳುವುದಿಲ್ಲ.
ಹೆಲ್ಮೆಟ್ಟಿಗೆ ಇಷ್ಟು.
ಇನ್ನೊಂದಕ್ಕೆ ಮತ್ತೆ ಇಷ್ಟು.
ಯಾರ ಅಳತೆಗೆ ಅಂತೀಯಾ?
ನನಗೇನು ಗೊತ್ತು,
ನಾಳೆ ಸಂತೆಯ ಬಾಗಿಲಲ್ಲಿ ಬುಟ್ಟಿ ಹಿಡಿದು
ಕೈಯೆತ್ತಿ ನಿಂತಿರುತ್ತಾಳೆ.